ಪ್ಲಾಸ್ಟರ್ ರೂಮಿನವರ ಮಗಳು

ಅಪ್ಪ ತೀರಿಹೋಗಿ ಎರಡು ವಾರವಾಗಿದ್ದರೂ ಶಿಲ್ಪಿಯಾದ ಮಗಳಿಗೆ ಅಳು ಬಂದಿರಲಿಲ್ಲ. ಅಳದಿದ್ದುದಕ್ಕೆ ನಾಚಿಕೆಯೂ ಆಗಿರಲಿಲ್ಲ. ಬೆಳಿಗ್ಗೆ ಎದ್ದು ಮನೆಯ ಹಿಂದಿನ ಶೆಡ್ಡಿಗೆ ಹೋಗುವಳು. ಒದ್ದೆ ಬಟ್ಟೆ ಹೊದಿಸಿದ ಜೇಡಿಮಣ್ಣಿನ ಮುಂದೆ ಸುಮ್ಮನೆ ಕೂರುವಳು. ಅಮ್ಮ ಕರೆದರೆ ಬಂದು ಉಣ್ಣುವಳು. ತಟ್ಟೆ ಖಾಲಿಯಾದದ್ದು ಕೂಡ ಅಮ್ಮ ಹೇಳಿದ ಮೇಲೆಯೇ ತಿಳಿಯುತ್ತಿತ್ತು.

ಅಂತ್ಯಕ್ರಿಯೆ ಮುಗಿಸಿ ಬಂದ ದಿನವೇ ತಮ್ಮ ರೇಗಿದ್ದ. “ನಿಂಗೇನು ಕರುಳೇ ಇಲ್ವಾ ಅಕ್ಕ? ಬಂದವರೆಲ್ಲ ನಿನ್ನ ಮುಖಾನೇ ನೋಡ್ತಿದ್ರು.”

“ನೋಡ್ಲಿ ಬಿಡು,” ಎಂದಿದ್ದಳು. ಅವನು ಅಂದಿನಿಂದ ಫೋನ್ ಮಾಡಿರಲಿಲ್ಲ.

ಈಗ ಗ್ಯಾಲರಿಯಾಕೆಯ ಫೋನು ಬಂದಿತ್ತು. ಮುಂದಿನ ತಿಂಗಳು ಪ್ರದರ್ಶನ. “ಒಂದೇ ಪುಟ ಬರ್ಕೊಡಿ ಮೇಡಂ. ಏನೇನು ವಸ್ತು ಬಳಸ್ತೀರಿ, ಯಾರ ಪ್ರಭಾವ, ಸ್ಫೂರ್ತಿ ಎಲ್ಲಿಂದ, ಅಷ್ಟೇ. ಹಳೇದನ್ನೇ ಕೊಟ್ರೂ ನಡೆಯುತ್ತೆ.”

ಹಳೆಯದು ಪತ್ರಿಕೆಯೊಂದರಲ್ಲಿ ಬಂದ ಸಂದರ್ಶನ. ವಿದ್ಯಾರ್ಥಿಯಾಗಿದ್ದಾಗ ದೊಡ್ಡ ಮ್ಯೂಸಿಯಮ್ಮಿನಲ್ಲಿ ಕಂಡ ತಲೆಯಿಲ್ಲದ ಅಮೃತಶಿಲೆಯ ಮೂರ್ತಿಗಳು ತನ್ನ ಕಣ್ಣು ತೆರೆಸಿದವು ಎಂದು ಅದರಲ್ಲಿ ಹೇಳಿದ್ದಳು. ಪೂರ್ತಿ ಸುಳ್ಳಲ್ಲ. ಆ ಮೂರ್ತಿಗಳ ಮುಂದೆ ಹತ್ತು ನಿಮಿಷ ಕೂತದ್ದು ನಿಜ. ಕಾಲು ನೋಯುತ್ತಿತ್ತು, ಅಲ್ಲಿ ಬೆಂಚು ಇತ್ತು. ಅವಳ ಶಿಲ್ಪಗಳೋ ಪ್ಲಾಸ್ಟರಿನವು: ಟೊಳ್ಳು ತೋಳು, ಟೊಳ್ಳು ಮೊಣಕಾಲು, ಒಳಗೆ ಯಾರೂ ಇಲ್ಲದ ಸೊಂಟ. ವಿಮರ್ಶಕರು ಅವುಗಳ ಬಗ್ಗೆ ಉದ್ದುದ್ದ ಬರೆದಿದ್ದರು. ಅವಳ ಅಪ್ಪ ಮೂವತ್ತೊಂದು ವರ್ಷ ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಮುರಿದ ಕೈಕಾಲುಗಳಿಗೆ ಕಟ್ಟು ಹಾಕುತ್ತಿದ್ದರೆಂದು ಯಾರೂ ಬರೆದಿರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಫೋನಿಟ್ಟು ಒಂದು ಅಚ್ಚು ತೆಗೆಯಲು ಬಕೆಟ್ಟಿನ ನೀರಿಗೆ ಪ್ಲಾಸ್ಟರ್ ಪುಡಿ ಉದುರಿಸಿದಳು. ಪುಡಿ ಮುಳುಗುವವರೆಗೆ ಕಾದು, ಬಲಗೈ ಇಳಿಬಿಟ್ಟು, ಗುಳ್ಳೆ ಏಳದಂತೆ ತಳದಿಂದ ಕಲಸತೊಡಗಿದಳು. ಒಂದು ಗಳಿಗೆಯಲ್ಲಿ ಕೈ ನಿಂತುಹೋಯಿತು. ಯಾವ ಯೋಚನೆಯೂ ಇರಲಿಲ್ಲ. ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಅದನ್ನೇ ನೋಡುತ್ತ ಕೂತಳು. ಬಕೆಟ್ಟಿನಲ್ಲಿದ್ದದ್ದು ಕೆನೆಯಂತಾಗಿ, ಬೆಣ್ಣೆಯಂತಾಗಿ, ಮಣಿಕಟ್ಟಿನ ಸುತ್ತ ಬಿಗಿಯತೊಡಗಿತು. ಬೆಚ್ಚಗಾಯಿತು, ಆಮೇಲೆ ಸುಡತೊಡಗಿತು. ಅದು ಗೊತ್ತಾಗುತ್ತಿತ್ತು, ಆದರೆ ಬೇರೆ ಯಾರದೋ ಕೈ ಸುಡುತ್ತಿದ್ದಂತೆ.

ಚಹಾ ತಂದ ಅಮ್ಮ ಬಾಗಿಲಲ್ಲೇ ಕೂಗಿದರು. “ಅಯ್ಯೋ, ಏನೇ ಮಾಡ್ಕೊಂಡೆ!”

ಲೋಟ ಕೆಳಗಿಟ್ಟು ಓಡಿಬಂದರು. ಅವಳು ಕೈ ಎಳೆದುಕೊಳ್ಳಲು ಹೋದಾಗ ಗದರಿದರು. “ಎಳೀಬೇಡ, ಚರ್ಮ ಕಿತ್ತು ಬರುತ್ತೆ. ಬೆರಳು ಅಲ್ಲಾಡಿಸು ಮೊದ್ಲು.” ತಣ್ಣೀರು ಸುರಿದರು. ಮರದ ಸುತ್ತಿಗೆ ತೆಗೆದುಕೊಂಡು ಬಕೆಟ್ಟಿನ ಅಂಚಿಗೆ ಸುತ್ತಲೂ ಬಡಿದರು. ನಾಲ್ಕನೆಯ ಪೆಟ್ಟಿಗೆ ಪ್ಲಾಸ್ಟಿಕ್ಕು ಸೀಳಿತು. ಇನ್ನೆರಡು ಪೆಟ್ಟಿಗೆ ಬಿಳಿ ಗಡ್ಡೆ ಬಿರುಕುಬಿಟ್ಟು ಕೆಂಪಗಾದ ಕೈ ಹೊರಬಂತು.

ಸುಟ್ಟ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಇಬ್ಬರೂ ಬಹಳ ಹೊತ್ತು ಕೂತರು. ಅಮ್ಮ ಕೈ ಬಿಡಲಿಲ್ಲ.

“ಇದೆಲ್ಲ ನಿಂಗೆ ಹೇಗೆ ಗೊತ್ತಮ್ಮ?”

“ನಿಮ್ಮಪ್ಪನೂ ಹೀಗೇ ಮಾಡ್ಕೊಂಡಿದ್ರು. ಕೆಲಸ ಹೊಸದು, ಪುಡಿ ಮನೆಗೆ ತಂದು ಕೈ ಪಳಗಿಸ್ತಿದ್ರು. ಅವರಪ್ಪ, ನಿಮ್ಮ ತಾತ, ಹೋಗಿ ವಾರ ಆಗಿತ್ತು. ಒಂದು ಹನಿ ಅತ್ತಿರ್ಲಿಲ್ಲ. ಗೋಡೆ ನೋಡ್ತಾ ಕೂತಿದ್ರು, ಕೈ ಒಳಗೇ ಕಟ್ಕೊಳ್ತು. ಒಡೆದವಳು ನಾನೇ.”

“ಆಮೇಲೆ?”

“ಆಮೇಲೇನು, ನಾಲ್ಕೈದು ತಿಂಗ್ಳು ಹಾಗೇ ಇದ್ರು. ಯಾವಾಗ ಸರಿಹೋದ್ರೋ ನಂಗೂ ಗೊತ್ತಾಗ್ಲಿಲ್ಲ.”

ಅವಳು ಕೇಳಿದಳು. “ಆ ಸಂದರ್ಶನ ಅಪ್ಪ ಓದಿದ್ರಾ?”

“ಓದಿದ್ರು. ತಲೆ ಇಲ್ದಿರೋ ಬೊಂಬೆ ಹತ್ರ ಬುದ್ಧಿ ಕಲ್ತಳಂತೆ ನನ್ನ ಮಗಳು, ಅಂತ ನಕ್ಕಿದ್ದೇ ನಕ್ಕಿದ್ದು.”

“ಬೇಜಾರು ಮಾಡ್ಕೊಂಡ್ರಾ?”

ಅಮ್ಮ ನಲ್ಲಿ ನಿಲ್ಲಿಸಿದರು. “ಸ್ವಲ್ಪ.”

ಕೈಗೆ ಬ್ಯಾಂಡೇಜು ಬಿದ್ದುದರಿಂದ ಆ ಪುಟವನ್ನು ಅವಳು ಹೇಳಿದಳು, ಅಮ್ಮ ಬರೆದರು. ವಸ್ತು: ಪ್ಲಾಸ್ಟರ್, ನಾರು, ಬ್ಯಾಂಡೇಜ್ ಬಟ್ಟೆ. ಪ್ರಭಾವ: ನನ್ನ ಅಪ್ಪ, ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿದ್ದವರು. ವಾಸಿಯಾದವರ ಕಟ್ಟು ಬಿಚ್ಚಿದ ಮೇಲೆ ಉಳಿಯುತ್ತಿದ್ದ ಚಿಪ್ಪುಗಳನ್ನು ನಾನು ಆಡಲೆಂದು ಮನೆಗೆ ತರುತ್ತಿದ್ದರು. ನನಗೆ ಬೇರೆ ಬೊಂಬೆ ಇರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

“ಸ್ಫೂರ್ತಿ ಅಂತಿದೆಯಲ್ಲ, ಅಲ್ಲಿಗೆ?” ಅಮ್ಮ ಪೆನ್ನು ಹಿಡಿದು ಕಾದರು.

“ಖಾಲಿ ಬಿಡಮ್ಮ.”

“ಖಾಲಿ ಬಿಟ್ರೆ ಒಪ್ತಾರಾ?”

“ಒಪ್ಲಿ, ಬಿಡ್ಲಿ.”

ಗ್ಯಾಲರಿಯಾಕೆ ಒಪ್ಪಿದಳು. ಪ್ರದರ್ಶನದ ಮೊದಲ ದಿನ ತಮ್ಮನೂ ಬಂದ. ಅಕ್ಕನನ್ನು ಮಾತಾಡಿಸದೆ ಗೋಡೆಯ ಮೇಲಿನ ಪುಟ ಓದಿದ. ಪಕ್ಕದಲ್ಲೇ ಇದ್ದ ಟೊಳ್ಳು ತೋಳಿನೊಳಗೆ ಇಣುಕಿ ನೋಡಿದ. ಜನ ಓಡಾಡುತ್ತಿದ್ದಂತೆಯೇ ಭುಜ ಕುಲುಕುವಂತೆ ಅಳತೊಡಗಿದ. ಅವಳು ಹತ್ತಿರ ಹೋದಳು. ಅವನ ಬೆನ್ನ ಮೇಲೆ ಎಡಗೈ ಇಟ್ಟು, ಅವನು ಅತ್ತು ಮುಗಿಸುವವರೆಗೆ ನಿಂತೇ ಇದ್ದಳು.

“ನಂಗೂ ಒಂದು ತಂದುಕೊಟ್ಟಿದ್ರು ಅಕ್ಕ,” ಎಂದ ಅವನು ಮೂಗೊರೆಸಿಕೊಳ್ಳುತ್ತ. “ಕಾಲಿಂದು. ನಾನು ಅದನ್ನ ಬ್ಯಾಟು ಮಾಡ್ಕೊಂಡಿದ್ದೆ.”

ಮೂವರೂ ಒಟ್ಟಿಗೆ ಬಸ್ಸು ಹತ್ತಿದರು. ಸೀಟು ಸಿಕ್ಕಿತು. ಅಮ್ಮ ಮತ್ತು ತಮ್ಮ ಮಾತಾಡಿಕೊಳ್ಳುವುದು ಕೇಳುತ್ತ ಕೇಳುತ್ತ ಅವಳಿಗೆ ಎಷ್ಟೋ ದಿನಗಳ ಮೇಲೆ ಗಾಢವಾದ ನಿದ್ದೆ ಹತ್ತಿತು. ಇಳಿಯುವ ಸ್ಟಾಪ್ ಬಂದರೂ ಅವರಿಬ್ಬರು ಅವಳನ್ನು ಎಬ್ಬಿಸಲಿಲ್ಲ.