ಯಜಮಾನರು ಬ್ರೇಕ್ ಹೊಲಿದದ್ದು

ವ್ಯಾನಕ್ಕ ಎಂಬುದು ಮಕ್ಕಳು ಇಟ್ಟ ಹೆಸರು. ದಿಬ್ಬದ ಮೇಲಿನ ಬೀದಿಗಳ ಮಕ್ಕಳನ್ನು, ಅವರ ಜೊತೆ ತನ್ನ ಮಗಳನ್ನೂ, ಹಳೇ ವ್ಯಾನಿಗೆ ತುಂಬಿಕೊಂಡು, ಕಡಿದಾದ ಇಳಿಜಾರು ಇಳಿಸಿ ಶಾಲೆಗೆ ಮುಟ್ಟಿಸುವುದು ಆಕೆಯ ಕೆಲಸ. ವ್ಯಾನಿಗೆ ಆ ಮಕ್ಕಳ ಅಪ್ಪಂದಿರಷ್ಟೇ ವಯಸ್ಸಾಗಿರಬಹುದು. ಅದು ಕೆಮ್ಮಿದರೂ ನರಳಿದರೂ ಆಕೆ ತಲೆ ಕೆಡಿಸಿಕೊಂಡವಳಲ್ಲ. ಆದರೆ ಈ ವಾರ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಚಕ್ರಗಳು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕಿರುಚತೊಡಗಿದವು.

ಇದಕ್ಕೆ ನೆಟ್ಟಗಿನ ದಾರಿ ಎಂದರೆ ಇಳಿಜಾರಿನ ಬುಡದಲ್ಲಿದ್ದ ಗ್ಯಾರೇಜು. ಆದರೆ ಅದು ಆಕೆಯ ತಮ್ಮನದು. ಆಕೆಯ ಯಜಮಾನರೋ ಟೇಲರ್. ಭಾವಮೈದುನನ ಮದುವೆಗೆಂದು ಅವರು ಮುತುವರ್ಜಿಯಿಂದ ಹೊಲಿದುಕೊಟ್ಟ ಕೋಟು, ಫೋಟೋಗೆಂದು ಆತ ಕೈ ಎತ್ತಿದ್ದೇ ತಡ, ಕಂಕುಳಲ್ಲಿ ಪರ್ರನೆ ಬಿಟ್ಟುಕೊಂಡಿತ್ತು. "ಭಾವ, ಇದಕ್ಕಿಂತ ರೆಡಿಮೇಡೇ ವಾಸಿ" ಎಂದು ಆತ ನೆಂಟರ ಮುಂದೆಲ್ಲ ಅಂದುಬಿಟ್ಟ. ಅಂದಿನಿಂದ ಮಾತುಕತೆ ಬಂದ್. ತಪ್ಪು ಹೊಲಿಗೆಯದಲ್ಲ, ಕೈ ಎತ್ತಿದವನದು ಎಂಬುದು ಯಜಮಾನರ ವಾದ.

"ಅವನ ಗ್ಯಾರೇಜಿಗೆ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಬ್ರೇಕ್ ಹಾಕೋದೇನು ಬ್ರಹ್ಮವಿದ್ಯೆನಾ? ಹಳೇದು ಬಿಚ್ಚೋದು, ಹೊಸದು ಹಾಕೋದು. ನಾನೇ ಮಾಡ್ತೀನಿ."

"ರೀ, ಅದು ಬ್ರೇಕು. ಪ್ಯಾಂಟಿನ ಜಿಪ್ಪಲ್ಲ."

"ಎರಡೂ ನಿಲ್ಲಬೇಕಾದ ಕಡೆ ನಿಂತ್ರೆ ಆಯ್ತು ತಾನೇ?"

ಹೀಗೆ ಭಾನುವಾರ ಬೆಳಿಗ್ಗೆ ಯಜಮಾನರು ಅಂಗಳದಲ್ಲಿ ವ್ಯಾನಿನ ಹಿಂಭಾಗವನ್ನು ಜಾಕ್ ಕೊಟ್ಟು ಎತ್ತಿದರು. ಚಕ್ರಗಳೇನೋ ಸಲೀಸಾಗಿ ಬಂದವು. ಬ್ರೇಕಿನ ಮೇಲೆ ಮುಚ್ಚಿದ್ದ ತುಕ್ಕು ಹಿಡಿದ ಡ್ರಮ್ಮುಗಳು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸುತ್ತಿಗೆಯ ತಲೆಗೆ ಅಸ್ತರಿನ ಬಟ್ಟೆ ಸುತ್ತಿ, ನೋವಾಗಬಾರದು ಎಂಬಂತೆ ಮೆಲ್ಲಗೆ ತಟ್ಟಿದರು. ಆಮೇಲೆ ಬಟ್ಟೆ ಕಿತ್ತೆಸೆದು ಬಾರಿಸಿದರು. ಡ್ರಮ್ಮು ಕಳಚಿ, ಒಳಗಿದ್ದ ಕರೀ ಧೂಳೆಲ್ಲ ಅವರ ಮುಖಕ್ಕೇ ಬಡಿಯಿತು. ಒಂದು ಸ್ಪ್ರಿಂಗು ಹಾರಿ ಹಣೆಗೆ ಬಿತ್ತು. ಅವರು ಆ ಸ್ಪ್ರಿಂಗಿನ ಜನ್ಮ ಜಾಲಾಡಿದರು.

ಎರಡೂ ಕಡೆ ಒಟ್ಟಿಗೇ ಬಿಚ್ಚಿದ್ದನ್ನು ನೋಡಿ ವ್ಯಾನಕ್ಕನಿಗೆ ಸುಮ್ಮನಿರಲಾಗಲಿಲ್ಲ. "ಒಂದು ಕಡೆ ಮುಗಿಸಿ ಆಮೇಲೆ ಇನ್ನೊಂದು ಬಿಚ್ಚಬಾರದಿತ್ತಾ? ನೋಡ್ಕೊಂಡು ಹಾಕೋಕಾದ್ರೂ ಇರ್ತಿತ್ತು."

"ಕೋಟಿಗೆ ಒಂದು ತೋಳು ಹೊಲಿದು ಮುಗಿಸಿ ಆಮೇಲೆ ಇನ್ನೊಂದು ಕತ್ತರಿಸ್ತಾರೇನೇ?"

ಕೋಟಿನ ಮಾತು ಅವರಾಗಿಯೇ ಎತ್ತಿದ್ದರು. ಆದರೂ ಆಕೆ ಕಾಫಿ ಕಾಸಲು ಒಳಗೆ ಹೋದಳು.

ಇಂಥ ಪ್ರತಿ ಚಕ್ರದೊಳಗೂ ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ, ಬಾಗಿದ ಎರಡು ಬ್ರೇಕ್ ಶೂಗಳಿರುತ್ತವೆ. ಆ ವ್ಯಾನಿನಲ್ಲಿ ಮುಂದಿನ ಶೂವಿನ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪಟ್ಟಿ, ಗಿಡ್ಡ; ಹಿಂದಿನ ಶೂವಿನದು ಉದ್ದ. ಮಾಡಿದವರು ಯೋಚಿಸಿಯೇ ಹಾಗೆ ಮಾಡಿದ್ದರು. ಆದರೆ ಅವರ ಯೋಚನೆಯನ್ನು ಯಜಮಾನರು ಒಪ್ಪಬೇಕಲ್ಲ! ಹೊಸ ಶೂಗಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ, ಕೊರಳಲ್ಲಿದ್ದ ಟೇಪು ಹಿಡಿದು ಅಳೆದರು.

"ಛೆ ಛೆ! ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಇವರ ಕೈಗೆ ಕತ್ತರಿ ಕೊಟ್ಟೋರು ಯಾರು?"

ಕಂಪನಿಯವರಿಗೆ ಹೊಳೆಯದ ತಪ್ಪನ್ನು ಅವರು ಕಾಫಿ ಆರುವುದರೊಳಗೆ ತಿದ್ದಿದರು. ಉದ್ದದವೆರಡನ್ನೂ ಎಡಗಡೆ ಚಕ್ರಕ್ಕೆ, ಗಿಡ್ಡದವೆರಡನ್ನೂ ಬಲಗಡೆ ಚಕ್ರಕ್ಕೆ, ಜೋಡಿಗೆ ಜೋಡಿ ಹಾಕಿ, ಡ್ರಮ್ಮು ಮುಚ್ಚಿ, ಕೈ ಒರೆಸಿಕೊಂಡರು. ಈ ಬುದ್ಧಿವಂತಿಕೆಯನ್ನು ಹೆಂಡತಿಗೂ ಬಿಡಿಸಿ ಹೇಳಿದರು. ಆಕೆಗೆ ಬ್ರೇಕಿನ ಒಳಗುಟ್ಟು ಗೊತ್ತಿರಲಿಲ್ಲ, ಗಂಡನ ಒಳಗುಟ್ಟು ಚೆನ್ನಾಗಿ ಗೊತ್ತಿತ್ತು.

ಮನೆ ಮುಂದಿನ ಸಮತಟ್ಟು ರಸ್ತೆಯಲ್ಲಿ ಆಕೆ ವ್ಯಾನನ್ನು ಮೆಲ್ಲಗೆ ಓಡಿಸಿ ಬ್ರೇಕ್ ಒತ್ತಿದಳು. ಎಡಗಡೆ ಚಕ್ರ ಗಕ್ಕನೆ ಹಿಡಿದುಕೊಂಡಿತು. ಬಲಗಡೆಯದು ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಉರುಳಿತು. ವ್ಯಾನಿನ ಹಿಂಭಾಗ ಪಕ್ಕಕ್ಕೆ ಜಾರಿ ಪಕ್ಕದ ಮನೆಯ ಗೇಟಿಗೆ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತು.

"ಹೊಸದು ಕಣೇ, ಸ್ವಲ್ಪ ಓಡಿದ್ರೆ ಒಗ್ಗುತ್ತೆ" ಎಂದರು ಯಜಮಾನರು. "ನಾಳೆ ಮಕ್ಕಳು ಕೂರ್ತಾರಲ್ಲ, ಭಾರ ಬಿದ್ರೆ ತಾನಾಗೇ ಸರಿಹೋಗುತ್ತೆ."

ಆಕೆಗೆ ಮೈಯೆಲ್ಲ ಉರಿದುಹೋಯಿತು. ಊರವರ ಮಕ್ಕಳು ಇವರ ಕಣ್ಣಿಗೆ ಮರಳಿನ ಮೂಟೆಗಳೇ? ಪಕ್ಕದ ಬಾಗಿಲು ತೆರೆದು, "ನಾಳೆವರೆಗೆ ಯಾಕೆ? ಈಗಲೇ ದಿಬ್ಬ ಇಳಿಸಿ ನೋಡೋಣ, ಹತ್ತಿ" ಎಂದಳು.

ಹತ್ತದೆ ವಿಧಿಯಿರಲಿಲ್ಲ. ಆಮೆಯ ನಡಿಗೆಯಲ್ಲಿ ಹೋಗಿ, ಇಳಿಜಾರು ಶುರುವಾಗುವ ಮೊದಲೇ ಆಕೆ ವ್ಯಾನು ನಿಲ್ಲಿಸಿದಳು. ಮುಂದೆ ರಸ್ತೆ ಜಾರುಬಂಡೆಯಂತೆ ಕೆಳಗಿಳಿದಿತ್ತು. ತುದಿಯ ವೃತ್ತದಲ್ಲಿ ಬಸ್ಸುಗಳು ಅಡ್ಡಾಡುತ್ತಿದ್ದವು. ನಿಜ ಹೇಳಬೇಕೆಂದರೆ ಆಕೆ ಇಳಿಸುವವಳೇ ಅಲ್ಲ. ಬೇಡ ಎಂಬ ಮಾತು ಅವರ ಬಾಯಿಂದ ಬರಲಿ ಎಂದು ಕಾಯುತ್ತಿದ್ದಳು, ಅಷ್ಟೆ.

ಬಂದದ್ದು ಬೇರೆಯೇ ಮಾತು. "ನೀನು ಇಳಿಸ್ತಾ ಇರು, ನಾನು ಇಲ್ಲೇ ನಿಂತು ನೋಡ್ತೀನಿ. ಫಿಟ್ಟಿಂಗ್ ಹೊರಗಡೆಯಿಂದ ನೋಡಿದ್ರೇನೇ ಗೊತ್ತಾಗೋದು." ಹೊಲಿಗೆ ಮೆಷಿನ್ ಮುಂದಿನಿಂದ ಏಳಲು ಗೋಡೆ ಹಿಡಿಯುವ ಮನುಷ್ಯ, ಹದಿಹರೆಯದವನ ಹಾಗೆ ಛಂಗನೆ ಇಳಿದು ರಸ್ತೆಯಂಚಿಗೆ ಹೋಗಿ ನಿಂತಿದ್ದರು.

ಬೇರೆ ದಿನವಾಗಿದ್ದರೆ ವ್ಯಾನಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ ನಗು ಬರಲಿಲ್ಲ. ಖಾಲಿಯಾದ ಸೀಟಿನ ಮೇಲೆ ಕೈಯಿಟ್ಟು ಕೇಳಿದಳು:

"ರೀ, ನೀವೀಗ ಎದ್ದು ಹೋದ್ರಲ್ಲ, ಈ ಸೀಟಲ್ಲಿ ದಿನಾ ಕೂರೋದು ಯಾರು?"

ಯಾರೆಂದು ಅವರಿಗೆ ಗೊತ್ತಿತ್ತು. ಹಿಂದೆ ಕೂತರೆ ವಾಂತಿ ಬರುತ್ತದೆಂದು ತಮ್ಮ ಮಗಳನ್ನು ಮುಂದೆ ಕೂರಿಸು ಎಂದವರೇ ಅವರು. ಮಸಿ ಬಳಿದ ಮುಖದ ಬಣ್ಣ ಇಳಿಯಿತು. ಸೀಟನ್ನೊಮ್ಮೆ, ಇಳಿಜಾರನ್ನೊಮ್ಮೆ ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದರು.

"ಹಲೋ, ನಾನಪ್ಪಾ, ಭಾವ. ಏನಿಲ್ಲ, ವ್ಯಾನಿನ ಬ್ರೇಕು ಒಂದ್ಸಲ ನೋಡ್ಬೇಕಿತ್ತು. ನಿಮ್ಮಕ್ಕ ಯಾಕೋ ಹೆದರ್ಕೊಂಡಿದ್ದಾಳೆ."

ಇಂಥ ಎಷ್ಟೋ ಹೆದರಿಕೆಗಳನ್ನು ವ್ಯಾನಕ್ಕ ಇವರ ಪರವಾಗಿ ಹೆದರಿಕೊಟ್ಟಿದ್ದಳು. ಇದೂ ಒಂದಿರಲಿ, ವ್ಯಾನು ಸರಿಹೋದರೆ ಸಾಕು.

ಯಜಮಾನರು ಮತ್ತೊಮ್ಮೆ ಸೀಟಿನ ಕಡೆ ತಿರುಗಿದರು.

"ಇಲ್ಲ ಕಣಯ್ಯಾ, ಅವಳಲ್ಲ. ಹೆದರಿರೋನು ನಾನು. ನಾನೇ ಬಿಚ್ಚಿ ಹಾಕ್ದೆ, ಈಗ ಅದರಲ್ಲಿ ಕೂರೋಕೆ ನನಗೇ ಧೈರ್ಯ ಇಲ್ಲ. ಬೇಗ ಬಾರಪ್ಪಾ."

ಮದುವೆಯಾದಾಗಿನಿಂದ ಈ ಬಾಯಲ್ಲಿ ಇಂಥ ಮಾತು ಬಂದದ್ದನ್ನು ವ್ಯಾನಕ್ಕ ಕೇಳಿರಲಿಲ್ಲ. ಆಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲವೆಂದು ಗೊತ್ತಿತ್ತು. ಆದರೂ ಆಕೆ ಎಂಜಿನ್ ಆರಿಸಿ, ಕೆಳಗಿಳಿದು, ಅವರ ಪಕ್ಕದಲ್ಲಿ ಹೋಗಿ ನಿಂತಳು.