ಬೇವಿನ ಬುಡಕ್ಕೆ ಹೋದ ನೀರು

ಬೆಳಗಿನ ಪೂಜೆ ಮುಗಿಸಿದ ಮಾವ ಜಗದೇವಪ್ಪನವರು ಹಿತ್ತಾಳೆಯ ಬಟ್ಟಲು ಹಿಡಿದು ರಸ್ತೆ ದಾಟುವುದನ್ನು ಐಶ್ವರ್ಯಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಇಷ್ಟಲಿಂಗಕ್ಕೆ ಮಜ್ಜನ ಮಾಡಿಸಿದ ನೀರು ಯಾರ ಕಾಲಿಗೂ ಸಿಗಬಾರದೆಂದು ಗಿಡದ ಬುಡಕ್ಕೆ ಹಾಕುವುದು ಅವರ ರೂಢಿ. ಮೊದಲು ಅದು ಮನೆಯೊಳಗಿನ ಕುಂಡಗಳಿಗೆಲ್ಲ ಸ್ವಲ್ಪ ಸ್ವಲ್ಪ ಹೋಗುತ್ತಿತ್ತು. ಈಗ ಅವರು ನೋಯುವ ಮೊಣಕಾಲು ಎಳೆಯುತ್ತ, ಟಂಟಂ ಆಟೋಗಳು ಸರಿಯುವವರೆಗೆ ಕಾದು ನಿಂತು, ಎದುರುಮನೆಯ ಸರ್ವರಬೇಗಂ ಅವರ ಗೇಟಿನ ಪಕ್ಕದ ಬೇವಿನ ಮರದವರೆಗೆ ನಡೆಯುತ್ತಿದ್ದರು. ಯಾಕೆಂದು ಅವರು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅದು ಒಂದು ಆರ್ಕಿಡ್‌ನಿಂದ ಆದದ್ದು. ಐಶ್ವರ್ಯಾ ಜೇವರ್ಗಿಯ ಡಿಗ್ರಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಪಿಎಚ್.ಡಿ. ಬಂದಾಗ ಸಹೋದ್ಯೋಗಿಗಳು ಕೂಡಿ ಕೊಟ್ಟ ಗಿಡ ಅದು: ಚಿಟ್ಟೆಯಂಥ ನೇರಳೆ ಹೂ, ಅಂಗೈ ಅಗಲದ ದಪ್ಪ ಎಲೆ. ಬಂದವರ ಕಣ್ಣಿಗೆ ಬೀಳಲೆಂದು ಅದನ್ನು ಹಾಲ್‌ನ ಪಶ್ಚಿಮದ ಕಿಟಕಿಯ ಬಳಿ, ಫ್ಯಾನಿನ ಕೆಳಗೆ ಇಟ್ಟಿದ್ದಳು. ಗಿಡದ ಅಂಗಡಿಯವನು ಹೇಳಿದಂತೆ ವಾರಕ್ಕೊಮ್ಮೆ ಮೇಲಿನ ಪಾಚಿ ತೊಯ್ಯುವಷ್ಟು ನೀರು ಚಿಮುಕಿಸುತ್ತಿದ್ದಳು. ಬೇಸಿಗೆ ಏರುತ್ತಿದ್ದಂತೆ ಎಲೆಗಳು ಜೋತುಬಿದ್ದವು, ಉದ್ದಕ್ಕೂ ಸುಕ್ಕುಗಟ್ಟಿದವು.

ಆ ದಿನಗಳಲ್ಲೇ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದರು. ಗಿಡಕ್ಕೇನಾಯಿತು ಎಂದು ಯಾರೋ ಕೇಳಿದರು. ತಾವೇ ಕೊಟ್ಟ ಗಿಡ, ಸಸ್ಯಶಾಸ್ತ್ರದವಳ ಮನೆಯಲ್ಲಿ ಬಾಡಿದೆ. ಐಶ್ವರ್ಯಾ ನಗುತ್ತಲೇ ಹೇಳಿದಳು:

"ನಮ್ಮ ಮಾವಾರ ಕೆಲಸಾರಿ ಇದು. ದಿನಾ ಪೂಜಾ ನೀರ್ ಹಾಕಿ ಹಾಕಿ ಬೇರ್ ಕೊಳಸ್ಯಾರ. ಪೂಜಾ ನೀರೋ ಬಚ್ಚಲ ನೀರೋ, ಬೇರಿಗೇನ್ ಗೊತ್ತಾಗ್ತದ್ರಿ?"

ಎಲ್ಲರೂ ನಕ್ಕರು. ರಸಾಯನಶಾಸ್ತ್ರದ ನಸ್ರೀನ ಮಾತ್ರ ಎಲೆಯೊಂದನ್ನು ಮುಟ್ಟಿ, "ಬೇರ್ ನೋಡೀರೇನ್ರಿ?" ಎಂದು ಕೇಳಿದಳು. ನೋಡುವುದೇನಿದೆ, ಎಲೆಯೇ ಹೇಳುತ್ತಿದೆಯಲ್ಲ ಎಂದು ಐಶ್ವರ್ಯಾ ಮಾತು ಮುಗಿಸಿದಳು. ಆಗಲೇ ಬಾಗಿಲಲ್ಲಿ ಮಾವ ನಿಂತಿದ್ದು ಕಂಡಿತು. ಅತಿಥಿಗಳಿಗೆಂದು ಎಲೆ ಅಡಿಕೆಯ ತಟ್ಟೆ ತಂದಿದ್ದರು. ಅದನ್ನು ಮೆಲ್ಲಗೆ ಟೇಬಲ್ ಮೇಲಿಟ್ಟು ಒಳಗೆ ಹೋದರು.

ಮರುದಿನದಿಂದ ಆ ನೀರು ಬೇವಿಗೆ ಹೋಗತೊಡಗಿತು.

ಅವಳಿಗೆ ಕಸಿವಿಸಿಯಾಗಿತ್ತು, ನಿಜ. ಆದರೆ ಹೇಳಿದ ರೀತಿ ತಪ್ಪಾಯಿತೇ ಹೊರತು ಹೇಳಿದ್ದು ತಪ್ಪಲ್ಲ ಎಂದುಕೊಂಡಿದ್ದಳು. ಆರ್ಕಿಡ್ ಸಾಯುವುದು ಹೆಚ್ಚಾಗಿ ಅತಿ ನೀರಿನಿಂದಲೇ. ಆ ಸಮಾಧಾನದ ಮೇಲೆ ಕ್ಷಮೆ ಕೇಳುವುದನ್ನು ಮುಂದೂಡಿದಳು, ಬೇರು ಒಣಗಲೆಂದು ತಾನೂ ನೀರು ನಿಲ್ಲಿಸಿದಳು. ಗಂಡ ಅರುಣಕುಮಾರ ಅಫಜಲಪುರದ ಬ್ಯಾಂಕಿನಿಂದ ಸಂಜೆ ಬಂದು, ಅಪ್ಪ ಯಾಕೆ ಬಿಸಿಲಿಗೆ ಹೊರಗೆ ಹೋಗುತ್ತಾರೆ ಎಂದು ಕೇಳಿದಾಗ, ಅವರನ್ನೇ ಕೇಳಿ ಎಂದಳು. ಅವರನ್ನು ಕೇಳಿದರೆ ಕಾಲಿಗೆ ನಡಿಗೆ ಒಳ್ಳೆಯದು ಎಂದರಂತೆ.

ನೀರು ನಿಲ್ಲಿಸಿದ ಮೇಲೆ ಎಲೆಗಳು ಇನ್ನಷ್ಟು ಕೆಟ್ಟವು. ಹಳೆಯ ಚಪ್ಪಲಿಯ ತೊಗಲಿನಂತೆ ಮೆತ್ತಗೆ ಮಡಚಿಕೊಂಡವು. ಒಂದು ರವಿವಾರ ಕೊಳೆತ ಬೇರು ಕತ್ತರಿಸಿ ತೆಗೆಯೋಣವೆಂದು ಅವಳು ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ಹಿತ್ತಲಲ್ಲಿ ಕೂತಳು. ಬಣ್ಣದ ಪಿಂಗಾಣಿ ಕುಂಡದೊಳಗಿಂದ ಇನ್ನೊಂದು ಕುಂಡ ಹೊರಬಂತು. ಅದು ಪಾರದರ್ಶಕ ಪ್ಲಾಸ್ಟಿಕ್. ಬೇರು ಕಾಣಲೆಂದೇ ಹಾಗೆ ಮಾಡಿರುತ್ತಾರೆ. ಇಷ್ಟು ದಿನ ಅದನ್ನು ಒಮ್ಮೆ ಎತ್ತಿ ನೋಡಿದ್ದರೆ ಸಾಕಿತ್ತು.

ಕೊಳೆತ ವಾಸನೆ ಇರಲಿಲ್ಲ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗಿ, ಹಿಸುಕಿದರೆ ಲೋಳೆಯಾಗಿ, ಸಿಪ್ಪೆ ಜಾರಿ ಒಳಗಿನ ದಾರ ಕೈಗೆ ಬರಬೇಕು. ಇವು ಬೂದಿಬಿಳಿ ಬಣ್ಣದವು, ಚಪ್ಪಟೆಯಾದರೂ ಗಟ್ಟಿ. ನಡುವಿನ ಪಾಚಿಯ ಉಂಡೆ ಎಷ್ಟು ಒಣಗಿತ್ತೆಂದರೆ ಮೇಲೆ ಸುರಿದ ನೀರು ಒಳಗಿಳಿಯದೆ ಬದಿಯಿಂದ ಜಾರಿಹೋಯಿತು. ಕುಂಡವನ್ನೇ ಬಕೆಟ್ಟಿನ ನೀರಿನಲ್ಲಿ ಇಳಿಸಿ ಕಾದಳು. ನೋಡುತ್ತಿದ್ದಂತೆ ಬೂದಿ ಬಣ್ಣದ ಬೇರುಗಳು ಒಂದೊಂದಾಗಿ ಹಸಿರಾದವು.

ಬೇರು ಕೊಳೆತರೂ ಎಲೆಗೆ ನೀರು ಸಿಗುವುದಿಲ್ಲ, ಬೇರಿಗೆ ನೀರು ಬೀಳದಿದ್ದರೂ ಸಿಗುವುದಿಲ್ಲ. ಎರಡರಲ್ಲೂ ಎಲೆ ಒಂದೇ ತರಹ ಸುಕ್ಕುಗಟ್ಟುತ್ತದೆ. ಇದನ್ನು ಅವಳು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಾಳೆ. ಅವಳು ಹೇಳಿದ ರೀತಿಯಷ್ಟೇ ಅಲ್ಲ, ಹೇಳಿದ್ದೂ ತಪ್ಪಾಗಿತ್ತು. ಪಶ್ಚಿಮದ ಬಿಸಿಲು ಅವಳು ಕೊಟ್ಟದ್ದು, ಫ್ಯಾನಿನ ಗಾಳಿ ಅವಳು ಕೊಟ್ಟದ್ದು. ಮಾವ ದಿನಾ ಹಾಕುತ್ತಿದ್ದ ಬಟ್ಟಲಿನ ಒಂದಿಷ್ಟು ನೀರೇ ಇಷ್ಟಾದರೂ ಗಿಡವನ್ನು ಉಳಿಸಿತ್ತೋ ಏನೋ. ಅದನ್ನು ಬಚ್ಚಲ ನೀರಿಗೆ ಹೋಲಿಸಿದ್ದಳು. ಕತ್ತರಿ ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಮಾವನ ಹಿಂದೆಯೇ ರಸ್ತೆ ದಾಟಿದಳು. ಅಂಗಳ ಗುಡಿಸುತ್ತಿದ್ದ ಸರ್ವರಬೇಗಂ ತಲೆಯೆತ್ತಿದರು.

"ಬಾ ಬೇ ಡಾಕ್ಟರಮ್ಮ. ನಿಮ್ಮ ಮಾವಾರ ಸೇವಾದಿಂದ ನಮ್ಮ ಬೇವಿಗಿ ಉಬ್ಬೇ ಉಬ್ಬು. ಆದ್ರ ಒಂದ್ ಮಾತ್ ಹೇಳು ಇವರಿಗಿ. 'ಮನ್ಯಾಗಿನ ಹೂವಿನ ಗಿಡ ನನ್ನ ಕೈಲೇ ಸತ್ತದ, ಇನ್ನ ಸಣ್ಣ ಗಿಡದ ತಂಟಿಗೇ ಹೋಗಂಗಿಲ್ಲ' ಅಂತಾರ. ಮೊನ್ನಿ ನನ್ನ ಮಲ್ಲಿಗಿಗಿ ಒಂದೀಟು ಹಾಕ್ರಿ ಅಂದ್ರ ಕೈ ಹಿಂದಕ್ಕ ತಗೊಂಡ್ರು."

ಐಶ್ವರ್ಯಾ ಅಲ್ಲೇ ನಿಂತಳು. ಮಾವನಿಗೆ ಸಿಟ್ಟು ಬಂದಿದೆ ಎಂದು ಅವಳು ತಿಳಿದಿದ್ದಳು. ಸಿಟ್ಟಾಗಿದ್ದರೆ ಸಹಿಸಬಹುದಿತ್ತು. ಅವರು ಅವಳ ಮಾತನ್ನು ನಂಬಿದ್ದರು.

"ಮಾವಾರ, ಬೇರ್ ಕೊಳತಿಲ್ರಿ," ಎಂದಳು. "ನಿನ್ನಿ ತೆಗದ್ ನೋಡೇನಿ. ನೀರಿಲ್ದ ಒಣಗ್ಯದ. ನೀವು ಕೆಡಸಿಲ್ಲ, ನಾನೇ ನೋಡ್ಲಾರ್ದ ಅಂದೆ."

ಜಗದೇವಪ್ಪನವರು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಜೀವ ಅದ ಏನು?"

"ಅದರಿ. ಬೇರ್ ಹಸರ ಆಗ್ಯಾವ."

ಅವರು ದೊಡ್ಡದಾಗಿ ಉಸಿರು ಬಿಟ್ಟರು. "ಮತ್ತ ಆ ದಿನ ಹಂಗ್ಯಾಕ ಅಂದಿ?" ಎಂದು ಕೇಳಿದರು. ದನಿಯಲ್ಲಿ ಬಿರುಸಿರಲಿಲ್ಲ, ತಿಳಿಯಲೆಂದೇ ಕೇಳಿದಂತಿತ್ತು.

ಸರ್ವರಬೇಗಂ ಪೊರಕೆ ಹಿಡಿದು ಗೇಟಿನೊಳಗೆ ಸರಿದರು.

"ನಮ್ಮ ಕಾಲೇಜಿನವರ ಮುಂದ ನಾ ಶಾಣ್ಯಾಕಿ ಅನಿಸ್ಕೋಬೇಕು ಅಂತರಿ."

ಅವರು ತಲೆಯಾಡಿಸಿ ನೀರನ್ನು ಬೇವಿನ ಬುಡಕ್ಕೆ ಹೊಯ್ದರು. ನಾಳೆಯಿಂದ ಮನೆಯಲ್ಲೇ ಹಾಕಿರೆಂದು ಅವಳು ಬೇಡಿಕೊಂಡಾಗ ಖಾಲಿ ಬಟ್ಟಲು ನೋಡುತ್ತ ಅಂದರು: "ಅವರ ಮುಂದನೂ ಹೇಳಿ ಬಾ. ಆಮ್ಯಾಲ ಹಾಕ್ತೇನಿ."

ಅಂದು ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿಗಳು ತೆರೆದಿದ್ದವು. ಮನೆಯಲ್ಲಿ ಆ ದಿನ ನಕ್ಕವರೆಲ್ಲ ಇದ್ದರು. ಐಶ್ವರ್ಯಾ ಎದ್ದು ನಿಂತು, ಬೇರು ನೋಡಿದ್ದನ್ನು ಹೇಳಿದಳು, ಬಚ್ಚಲ ನೀರೆಂದು ತಾನು ಆಡಿದ ಮಾತನ್ನು ಮತ್ತೊಮ್ಮೆ ಬಾಯಿಬಿಟ್ಟು ಹೇಳಿ, ಅದು ತಪ್ಪೆಂದಳು. ಒಬ್ಬರಿಗೆ ಆ ಮಾತೇ ನೆನಪಿರಲಿಲ್ಲ. ಮತ್ತೊಬ್ಬರು ಇಷ್ಟಕ್ಕೆಲ್ಲ ಯಾಕೆ ಎಂದರು. ನಸ್ರೀನ ತನ್ನ ಡಬ್ಬಿಯ ಪಲ್ಯವನ್ನು ಐಶ್ವರ್ಯಾಳ ತಟ್ಟೆಗೆ ಬಡಿಸಿದಳು.

ಮರುದಿನ ಪೂಜೆ ಮುಗಿಸಿದ ಜಗದೇವಪ್ಪನವರು ಬಾಗಿಲಿನವರೆಗೆ ಹೋಗಿ ನಿಂತರು. "ಹೇಳಿದೇನು?"

"ಹೇಳ್ದೆರಿ."

ಅವರು ತಿರುಗಿ ಬಂದರು. ಗಿಡ ಈಗ ಪೂರ್ವದ ಕಿಟಕಿಯ ನೆರಳಿಗೆ ಬಂದಿತ್ತು. ಸುಕ್ಕಾದ ಎಲೆಗಳು ಸುಕ್ಕಾಗಿಯೇ ಇದ್ದವು. ಅವು ಹಿಂದಿನಂತೆ ಆಗಲಿಕ್ಕಿಲ್ಲ, ಬದುಕಿದರೆ ಹೊಸ ಎಲೆ ಬರಬೇಕು. ಐಶ್ವರ್ಯಾ ಒಳಗಿನ ಕುಂಡವನ್ನು ಎತ್ತಿ ಅವರ ಕಣ್ಣಿಗೆ ಬೇರು ಕಾಣುವಂತೆ ಬೆಳಕಿಗೆ ಹಿಡಿದಳು. ಅವರು ಬಟ್ಟಲು ಬಾಗಿಸಿದರು. ನಾಲ್ಕು ಹನಿ ಬೀಳುತ್ತಲೇ ತಡೆದರು.

"ಸಾಕೇನು?"

"ಇನ್ನೂ ಹಾಕ್ರಿ ಮಾವಾರ," ಎಂದಳು ಅವಳು, ಅವರ ಮುಖ ನೋಡಲಾಗದೆ ಬೇರನ್ನೇ ನೋಡುತ್ತ.