ಬಲೆ ಶೆಡ್ಡಿನ ಹಿಂದಿನ ಅಂಗಡಿ

ಟೈಲರ್ ಅಕ್ಕನಿಗೆ ವಿಷಯ ತಿಳಿದದ್ದು ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಾಗ.

ತಂಗಿಯ ನಾದಿನಿ ಅಂಗಡಿಯ ಕನ್ನಡಿಯ ಮುಂದೆ ಎರಡೂ ಕೈ ಎತ್ತಿ ನಿಂತಿದ್ದಳು. ಊರಿನ ಸ್ಕೂಲಿಗೆ ಟೀಚರಾಗಿ ವರ್ಗವಾಗಿ ಬಂದು ಅಣ್ಣನ ಮನೆಯಲ್ಲಿ ಉಳಿದ ಹೊಸದರಲ್ಲಿ ಇದೇ ಜಾಗದಲ್ಲಿ ಅಳತೆ ಕೊಟ್ಟು ಹೊಲಿಸಿಕೊಂಡ ಸ್ಕರ್ಟು ಈಗ ಸೊಂಟದಲ್ಲಿ ಹಿಡಿಯುತ್ತಿತ್ತು. ಅಕ್ಕ ಟೇಪು ಸುತ್ತಿ ನೋಡಿದಳು. ಎರಡು ತಿಂಗಳಲ್ಲಿ ಒಂದೂವರೆ ಇಂಚು.

"ನಂದೇನೂ ತಪ್ಪಿಲ್ಲ ಅಕ್ಕಾ," ಎಂದು ನಾದಿನಿ ನಕ್ಕಳು. "ಎಲ್ಲಾ ಆ ಬಲೆ ಶೆಡ್ಡಿನ ಹಿಂದಿನ ಅಂಗಡಿ ಮಾಡಿದ್ದು. ಆ ಕರಿದ ಮೀನು, ಬಿಸಿ ಬ್ರೆಡ್ಡು, ಮೇಲೆ ನಿಂಬೆಹಣ್ಣು ಹಿಂಡಿ ಕೊಡ್ತಾರೆ ನೋಡಿ... ಭಾನುವಾರ ಭಾನುವಾರ ಆಗ್ಲೇ ಮೂರು ಸಲ ಹೋಗ್ಬಂದ್ವಿ. ನಾನೇ ಹುಡುಕಿದ್ದು! ಯಾಕೆ, ಅತ್ತಿಗೆ ಹೇಳಿಲ್ವಾ ನಿಮಗೆ?"

ಅತ್ತಿಗೆ, ಅಂದರೆ ಅಕ್ಕನ ಸ್ವಂತ ತಂಗಿ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದವಳು ಥಟ್ಟನೆ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸತೊಡಗಿದಳು. ಅಕ್ಕನ ಬಾಯಲ್ಲಿ ಸೂಜಿ ಇದ್ದದ್ದು ಒಳ್ಳೆಯದೇ ಆಯಿತು.

ಮೂರು ಸಲ! ಹದಿಮೂರು ವರ್ಷದಿಂದ ಗುರುವಾರ ಎಂದರೆ ಅಕ್ಕ ತಂಗಿಯರದ್ದು. ತಂಗಿ ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಅವತ್ತು ರಜೆ. ಅಕ್ಕ ಹನ್ನೆರಡಕ್ಕೆಲ್ಲ ಅಂಗಡಿಯ ಶಟರ್ ಎಳೆದು, ತಂಗಿಯ ಸ್ಕೂಟರಿನ ಹಿಂದೆ ಕೂತುಬಿಡುತ್ತಿದ್ದಳು. ಬೋರ್ಡು ಹಾಕಿದ ಹೋಟೆಲಿಗೆ ಕಾಲಿಡಬಾರದು ಎಂಬುದೊಂದೇ ನಿಯಮ. ದೀಪಸ್ತಂಭದ ಎದುರು ಬರೀ ಮೊಟ್ಟೆ ಬ್ರೆಡ್ಡು ಮಾಡುವ ಮುದುಕಿ, ದೋಣಿ ದಾಟುವ ಕಡೆ ಶುಂಠಿ ಜಜ್ಜಿ ಹಾಕಿ ಚಹಾ ಕೊಡುವವನು, ಮಂಜುಗಡ್ಡೆ ಕಾರ್ಖಾನೆಯ ಗೋಡೆಗೆ ಒರಗಿ ಆಲೂಗಡ್ಡೆ ಕರಿಯುವ ಅಣ್ಣತಮ್ಮಂದಿರು, ಎಲ್ಲರನ್ನೂ ಇಬ್ಬರೂ ಸೇರಿ ಪತ್ತೆ ಹಚ್ಚಿದ್ದು. ಮದುವೆಯಾದ ಮೇಲೂ ತಂಗಿ ಒಂದೇ ಒಂದು ಗುರುವಾರ ತಪ್ಪಿಸಿರಲಿಲ್ಲ. ಅಕ್ಕನಿಗೆ ಮದುವೆ ಆಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಕೊರಗೂ ಇರಲಿಲ್ಲ. ವಾರಕ್ಕೊಂದು ಗುರುವಾರ ಬರುತ್ತಿತ್ತಲ್ಲ, ಸಾಕಾಗಿತ್ತು.

ಈ ಟೀಚರ್ ಬಂದ ಮೇಲೆ ಗುರುವಾರ ಹಾಗೇ ಇತ್ತು, ನಿಜ. ಆದರೆ ಭಾನುವಾರ ಅಂತ ಒಂದು ಹುಟ್ಟಿಕೊಂಡಿದೆ ಎಂದು ಯಾರಿಗೆ ಗೊತ್ತಿತ್ತು?

ನಾದಿನಿ ಬಟ್ಟೆ ಬದಲಿಸಲು ಪರದೆಯ ಹಿಂದೆ ಹೋದಾಗ ತಂಗಿ ಪಿಸುಗುಟ್ಟಿದಳು: "ನಿಂಗೆ ಹೇಳ್ಬೇಕು ಅಂತಾನೇ ಇದ್ದೆ ಕಣೇ. ಈ ಗುರುವಾರ ಮೂರೂ ಜನ ಅಲ್ಲಿಗೇ ಹೋಗೋಣ."

"ನಂಗೆ ತುಂಬಾ ಕೆಲಸ ಇದೆ," ಎಂದಳು ಅಕ್ಕ, ಕೊನೆಯ ಸೂಜಿಯನ್ನು ದಿಂಬಿಗೆ ಚುಚ್ಚುತ್ತ.

ಮಾರನೆಯ ದಿನ ಮಂಗಳವಾರ. ಮಧ್ಯಾಹ್ನ ಅಕ್ಕ ಶಟರ್ ಎಳೆದು, ಕೊಡೆ ಹಿಡಿದು, ಒಬ್ಬಳೇ ಬಂದರಿನ ಕಡೆ ನಡೆದಳು. ಹುಳುಕು ಹುಡುಕಲೆಂದೇ ಹೊರಟಿದ್ದಳು ಎಂದರೆ ತಪ್ಪಿಲ್ಲ.

ಬಲೆ ಹೆಣೆಯುವ ಉದ್ದನೆಯ ಶೆಡ್ಡು. ಅದರ ಬೆನ್ನಿಗೆ ತಗಡಿನ ಮಾಡು, ಮೂರು ಮೇಜು. ಗಂಡ ಒಳಗೆ ಕರಿಯುತ್ತಿದ್ದ, ಹೆಂಡತಿ ಹೊರಗೆ ಬಡಿಸುತ್ತಿದ್ದಳು. ಗಂಡ ಮೂವತ್ತು ವರ್ಷ ಮೀನುಗಾರಿಕೆಯ ಹಡಗಿನಲ್ಲಿ ಅಡುಗೆ ಮಾಡಿದವನಂತೆ. ಇಂಜಿನ್ನಿನ ಪಕ್ಕದಲ್ಲೇ ಅಡುಗೆಮನೆ ಇದ್ದದ್ದರಿಂದ ಕಿವಿ ಹೊರಟುಹೋಗಿತ್ತು. ಹೆಂಡತಿ "ಎರಡು ಪ್ಲೇಟ್!" ಎಂದು ಕೂಗಿದರೆ ಶೆಡ್ಡಿನಲ್ಲಿ ಬಲೆ ಹೆಣೆಯುವವರೂ ತಲೆ ಎತ್ತುತ್ತಿದ್ದರು.

ಅಕ್ಕ ಮೇಜಿನ ಮೇಲೆ ಬೆರಳಾಡಿಸಿದಳು. ಜಿಡ್ಡಿಲ್ಲ. ಲೋಟವನ್ನು ಬೆಳಕಿಗೆ ಹಿಡಿದಳು. ಕಲೆಯಿಲ್ಲ. ಪ್ಲೇಟು ಬಂತು. ಬೆರಳುದ್ದದ ಮೀನುಗಳು, ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ ಮೆತ್ತಗೆ, ಮುಳ್ಳು ಸಹ ಬಾಯಲ್ಲಿ ಮುರಿದು ಕರಗುತ್ತಿತ್ತು. ಮೊದಲ ತುತ್ತಿಗೇ ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಇದು ಚೆನ್ನಾಗಿತ್ತು. ಹದಿಮೂರು ವರ್ಷದಲ್ಲಿ ತಾವಿಬ್ಬರೂ ಹುಡುಕಿದ್ದೆಲ್ಲಕ್ಕಿಂತ ಚೆನ್ನಾಗಿತ್ತು. ಇದನ್ನು, ಊರಿಗೆ ಬಂದು ಎರಡೇ ತಿಂಗಳಾದ, ಪೂರ್ವ ಯಾವುದು ಪಶ್ಚಿಮ ಯಾವುದು ಗೊತ್ತಿಲ್ಲದ ಆ ಟೀಚರಮ್ಮ ಹುಡುಕಿದ್ದಳು!

ಸಿಟ್ಟಿನಲ್ಲೇ ಇನ್ನೊಂದು ಪ್ಲೇಟು ತರಿಸಿ ತಿಂದಳು.

ಗುರುವಾರ ತಂಗಿ, ಬೆಳಗಿನ ಸ್ಕೂಲು ಮುಗಿಸಿದ ನಾದಿನಿ ಇಬ್ಬರೂ ಸ್ಕರ್ಟು ಒಯ್ಯಲು ಬಂದರು. "ಹೊರಡು ಅಕ್ಕಾ, ಮೀನು ಖಾಲಿ ಆಗೋಗುತ್ತೆ," ಎಂದಳು ತಂಗಿ.

"ನಾನು ಮಂಗಳವಾರಾನೇ ಹೋಗ್ಬಂದೆ." ಇಷ್ಟು ಹೇಳುವಾಗಲೂ ಅಕ್ಕನಿಗೆ ಮುಂದೇನು ಹೇಳುತ್ತೇನೆಂದು ಗೊತ್ತಿರಲಿಲ್ಲ. ಆದರೆ ಟೀಚರ್ ಆಸೆಯಿಂದ, ಸ್ವಂತ ಮಗು ಹಾಡಿದ್ದನ್ನು ಕೇಳಿದವರ ಅಭಿಪ್ರಾಯಕ್ಕೆ ಕಾಯುವವಳ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದಳು. ಅದು ಅಕ್ಕನಿಗೆ ಸಹಿಸಲಾಗಲಿಲ್ಲ. "ನೀವು ಒಳಗೆ ಹೋಗಿ ಎಣ್ಣೆ ನೋಡಿದ್ದೀರಾ? ಡಾಂಬರು ಇದ್ದ ಹಾಗಿದೆ. ಎಷ್ಟು ದಿನದ್ದೋ ಏನೋ. ಎರಡು ದಿನದಿಂದ ಹೊಟ್ಟೆನೋವು ನಂಗೆ."

ಎಳ್ಳಷ್ಟೂ ನಿಜವಿಲ್ಲದ ಮಾತು. ಒಳಗೆ ಅವಳು ಇಣುಕಿಯೂ ನೋಡಿರಲಿಲ್ಲ.

ಟೀಚರ್ ಮುಖ ಬಿಳಿಚಿಕೊಂಡಿತು. "ಅಯ್ಯೋ! ಶನಿವಾರ ನಮ್ಮ ಸ್ಕೂಲಿನ ಇಪ್ಪತ್ತು ಜನಾನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ ಅಂತ ಹೇಳಿದ್ದೆ. ನೀವು ಹೇಳಿದ್ದು ಎಷ್ಟು ಒಳ್ಳೇದಾಯ್ತು!" ಅಲ್ಲೇ ನಿಂತು ಫೋನು ತೆಗೆದು ಟಕಟಕ ಬೆರಳಾಡಿಸಿ, ಇಪ್ಪತ್ತೂ ಜನಕ್ಕೆ ಬೇಡ ಎಂದು ತಿಳಿಸಿದಳು. ಯಾಕೆ ಬೇಡ ಎಂಬುದನ್ನೂ ತಿಳಿಸಿದಳು.

ಆ ಗುರುವಾರ ಟೀಚರ್ ತಿನ್ನುವುದೇ ಬೇಡವೆಂದು ಮನೆಗೆ ಹಿಂತಿರುಗಿದಳು. ಅಕ್ಕ ತಂಗಿ ಹಳೆಯ ಕಾಲದ ಹಾಗೆ ಇಬ್ಬರೇ ಸ್ಕೂಟರು ಹತ್ತಿ, ಮಂಜುಗಡ್ಡೆ ಕಾರ್ಖಾನೆಯ ಅಣ್ಣತಮ್ಮಂದಿರ ಹತ್ತಿರ ಹೋಗಿ ಆಲೂಗಡ್ಡೆ ತಿಂದರು. ಬೇಕಾದದ್ದು ಸಿಕ್ಕಿತ್ತು, ಆದರೆ ತಂಗಿ ಪ್ರತಿ ತುಂಡನ್ನೂ ಮುರಿದು ಮೂಸಿ ನೋಡುತ್ತಿದ್ದಳು. "ಎಣ್ಣೆ ಸರಿ ಇದೆ ಅಲ್ವಾ? ನಿಂಗೆ ಈಗ ಹೊಟ್ಟೆ ಹೇಗಿದೆ?" ಎಂದು ನಾಲ್ಕು ಸಲ ಕೇಳಿದಳು. ಅಕ್ಕ ತನ್ನ ಪಾಲಿನ ಆಲೂಗಡ್ಡೆಯನ್ನು ಅರ್ಧಕ್ಕೇ ಬಿಟ್ಟಳು.

ಹತ್ತು ದಿನ ಕಳೆಯಿತು. ಔಷಧಿ ಅಂಗಡಿಯವನ ಹೆಂಡತಿ ಪರದೆ ಹೊಲಿಸಲು ಬಂದವಳು ದನಿ ತಗ್ಗಿಸಿದಳು: "ಬಲೆ ಶೆಡ್ಡಿನ ಹಿಂದೆ ಒಂದು ಅಂಗಡಿ ಇದೆಯಲ್ಲ, ಅಲ್ಲಿ ತಿಂದು ನಾಲ್ಕು ಜನ ಆಸ್ಪತ್ರೆ ಸೇರಿದ್ರಂತೆ. ಹಡಗಿನ ಇಂಜಿನ್ನಿನ ಎಣ್ಣೇನೇ ಹಾಕಿ ಕರೀತಾರಂತೆ ಮಹಾರಾಯ್ತಿ!"

"ಯಾರು ಹೇಳಿದ್ದು?" ಎಂದಳು ಅಕ್ಕ.

"ಊರೆಲ್ಲಾ ಹೇಳ್ತಿದೆ."

ಅವತ್ತು ಅಕ್ಕ ಪರದೆಯ ಅಂಚನ್ನು ಎರಡು ಸಲ ತಲೆಕೆಳಗು ಹೊಲಿದು ಎರಡು ಸಲ ಬಿಚ್ಚಿದಳು. ಮಾರನೆಯ ದಿನ ಮಧ್ಯಾಹ್ನ ಕೊಡೆ ಹಿಡಿದು ಬಂದರಿಗೆ ನಡೆದಳು.

ಊಟದ ಹೊತ್ತು. ಮೂರು ಮೇಜೂ ಖಾಲಿ. ಒಲೆ ಒಳಗಿರಲಿಲ್ಲ. ಗಂಡ ಅದನ್ನು ಎಳೆದು ತಂದು ಬಾಗಿಲ ಮುಂದೆ ಬಿಸಿಲಲ್ಲೇ ಇಟ್ಟುಕೊಂಡಿದ್ದ. ಪಕ್ಕದಲ್ಲಿ ಇನ್ನೂ ಒಡೆಯದ ಎಣ್ಣೆಯ ಡಬ್ಬಿ. ಅಕ್ಕನನ್ನು ಕಂಡವನೇ ಡಬ್ಬಿ ಎತ್ತಿ, ಮುಚ್ಚಳ ಒಡೆಯುವುದನ್ನು ತೋರಿಸಿ, ಬಾಣಲೆಗೆ ಸುರಿದ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

ಹೆಂಡತಿ ಓಡಿ ಬಂದು ಕುರ್ಚಿ ಎಳೆದಳು. "ಅವತ್ತು ಎರಡು ಪ್ಲೇಟ್ ತಿಂದ್ರಲ್ಲ, ನೀವೇ ಅಲ್ವಾ? ಮತ್ತೆ ಬಂದ್ರಲ್ಲ, ಅಷ್ಟೇ ಸಾಕು. ಯಾರೋ ಪುಣ್ಯಾತ್ಮರು ಏನೇನೋ ಹಬ್ಬಿಸಿಬಿಟ್ಟಿದ್ದಾರೆ. ಜನ ಈ ಕಡೆ ತಲೆ ಹಾಕಿಯೂ ಮಲಗ್ತಿಲ್ಲ."

ಅಕ್ಕ ಕೂರಲಿಲ್ಲ. "ಆ ಮಾತು ಹೇಳಿದ್ದು ನಾನೇ," ಎಂದಳು.

"ಏನು?"

"ಎಣ್ಣೆ ಹಳೇದು ಅಂತ. ಸುಳ್ಳು ಹೇಳ್ದೆ."

ಹೆಂಡತಿ ಎಳೆದ ಕುರ್ಚಿಯನ್ನು ಮತ್ತೆ ಮೇಜಿಗೆ ತಳ್ಳಿದಳು. ಒಲೆಯ ಹತ್ತಿರದಿಂದ ಗಂಡ "ಎಷ್ಟು ಪ್ಲೇಟು?" ಎಂದು ಕೇಳಿದ.

"ಪ್ಲೇಟಲ್ಲ!" ಹೆಂಡತಿ ಗಂಡನ ಕಿವಿಗೆ ಮುಟ್ಟುವ ಹಾಗೆ ಕೂಗಿದಳು. "ಎಣ್ಣೆ ಮಾತು ಹಬ್ಬಿಸಿದ್ದು ಇವರಂತೆ!"

ಶೆಡ್ಡಿನಲ್ಲಿ ಬಲೆ ಹೆಣೆಯುತ್ತಿದ್ದ ಹತ್ತು ಹನ್ನೆರಡು ಕೈಗಳು ನಿಂತುಹೋದವು.

"ಯಾಕಂತೆ?"

"ಯಾಕೆ ಅಂತ ಕೇಳ್ತಿದ್ದಾರೆ, ಹೇಳಿ," ಎಂದಳು ಹೆಂಡತಿ.

ಅಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನಿಸಿತು. "ಹೊಟ್ಟೆಕಿಚ್ಚಿಗೆ," ಎಂದಳು.

"ಹೊಟ್ಟೆಕಿಚ್ಚಂತೆ!"

"ಹೊಟ್ಟೆನೋವಾ?" ಗಂಡ ಗಾಬರಿಯಿಂದ ಸೌಟು ಕೆಳಗಿಟ್ಟ.

"ನೋವಲ್ಲ! ಕಿಚ್ಚು! ಹೊಟ್ಟೆಕಿಚ್ಚು!"

ಅವನು ತನ್ನ ತಗಡಿನ ಮಾಡನ್ನೂ ಮೂರು ಮೇಜನ್ನೂ ಒಮ್ಮೆ ತಿರುಗಿ ನೋಡಿದ. "ನಮ್ಮ ಮೇಲಾ?" ಎಂದ, ನಂಬಲಾಗದವನ ಹಾಗೆ. ಶೆಡ್ಡಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಿಮ್ಮ ಮೇಲಲ್ಲ," ಎಂದು ಅಕ್ಕ ಶುರುಮಾಡಿದಳು. ತಂಗಿ, ನಾದಿನಿ, ಭಾನುವಾರ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣ ವಿಷಯ ಎಂಬುದು ಅವಳಿಗೇ ನಾಚಿಕೆಯಾಗುವಷ್ಟು ಸ್ಪಷ್ಟವಾಯಿತು. ಪುಣ್ಯಕ್ಕೆ ಹೆಂಡತಿ ಇದನ್ನೆಲ್ಲ ಕೂಗಿ ಹೇಳಲಿಲ್ಲ.

"ಕೂತ್ಕೊಂಡು ತಿನ್ನಿ ಅಂತ ನಾನು ಹೇಳಲ್ಲ," ಎಂದಳು ಅವಳು ಕೊನೆಗೆ. "ಯಾರ ಹತ್ರ ಹೇಳಿದ್ರೋ ಅವರ ಹತ್ರ ಮೊದಲು ಹೋಗಿ. ನಿಜ ಹೇಳಿ. ಆಮೇಲೆ ಬನ್ನಿ."

ಅಕ್ಕ ಕ್ಲಿನಿಕ್ಕು ಬಿಡುವ ಹೊತ್ತಿನವರೆಗೆ ಕಾದು ತಂಗಿಯ ಮನೆಗೆ ಹೋದಳು. ಸಂಜೆ ಐದು ಗಂಟೆ. ಟೀಚರ್ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಳು. ತಂಗಿ ಆಗಷ್ಟೇ ಕ್ಲಿನಿಕ್ಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಅಕ್ಕ ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟಳು.

ತಂಗಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಜೀವಮಾನದಲ್ಲಿ ಅವಳು ಅಕ್ಕನ ಮುಖಕ್ಕೆ ಬಾಗಿಲು ಹಾಕಿದ್ದು ಅದೇ ಮೊದಲು.

ಟೀಚರ್ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. "ನಿಮಗೆ ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತಿತ್ತು. ಆದ್ರೆ ಇಷ್ಟು ಅಂತ ಗೊತ್ತಿರ್ಲಿಲ್ಲ."

"ತಪ್ಪಾಯ್ತು."

"ನಂಗೆ ಹೇಳಿದ್ರೆ ಸಾಲ್ದು." ಅವಳು ಫೋನನ್ನು ಅಕ್ಕನ ಮುಂದೆ ಹಿಡಿದಳು. "ಮಾತಾಡಿ. ರೆಕಾರ್ಡ್ ಮಾಡಿ ಇಪ್ಪತ್ತು ಜನಕ್ಕೂ ಕಳಿಸ್ತೀನಿ."

ಅಕ್ಕ ಮಾತಾಡಿದಳು. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದಳು. ಎರಡನೆಯ ಸಲ ಸರಿಯಾಗಿ ಹೇಳಿದಳು. ಮಾರನೆಯ ದಿನದಿಂದ ತನ್ನ ಅಂಗಡಿಗೆ ಬಂದ ಪ್ರತಿ ಗಿರಾಕಿಗೂ, ಔಷಧಿ ಅಂಗಡಿಯವನ ಹೆಂಡತಿಗೂ ಹೇಳಿದಳು. ಕೆಲವರು ಮೆಚ್ಚಿದರು. ಕೆಲವರು ಎದುರಿಗೆ ತಲೆಯಾಡಿಸಿ, ಬೀದಿಗಿಳಿದ ಮೇಲೆ ಇಂಜಿನ್ ಎಣ್ಣೆಯ ಕಥೆಯನ್ನೇ ಮುಂದುವರಿಸಿದರು. ಸ್ಕೂಲಿನವರು ಒಂದು ಶನಿವಾರ ಹದಿನಾರು ಜನ ಹೋಗಿ ಉಂಡು ಬಂದರು. ಅಂಗಡಿಯ ಮೇಜುಗಳು ನಿಧಾನಕ್ಕೆ ತುಂಬತೊಡಗಿದವು, ಮೊದಲಿನಷ್ಟಲ್ಲ.

ಮೂರು ಗುರುವಾರ ತಂಗಿ ಬರಲಿಲ್ಲ. ನಾಲ್ಕನೆಯ ಗುರುವಾರ ಸ್ಕೂಟರು ಬಂತು, ಹಿಂದೆಯೇ ಬಸ್ಸಿನಲ್ಲಿ ಟೀಚರೂ ಬಂದಳು. ಮೂವರೂ ಬಲೆ ಶೆಡ್ಡಿನ ಹಿಂದೆ ಕೂತು ಮೀನು ತಿಂದರು. ಅಂಗಡಿಯ ಹೆಂಡತಿ ಅಕ್ಕನಿಗೆ ನಗು ಕೊಡಲಿಲ್ಲ, ನಿಂಬೆಹಣ್ಣು ಮಾತ್ರ ಕೊಟ್ಟಳು. ನಡುವೆ ತಂಗಿ, ಟೀಚರ್ ಇಬ್ಬರೂ ಯಾವುದೋ ಮನೆಯ ಮಾತಿಗೆ ಬಿದ್ದುಬಿದ್ದು ನಕ್ಕರು. ಅಕ್ಕನಿಗೆ ಅದರ ತಲೆಬುಡ ತಿಳಿಯಲಿಲ್ಲ. ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಅವಳು ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡಳು. ಏನೂ ಆಗಲಿಲ್ಲ. ಉರಿಯುತ್ತಲೂ ತಿನ್ನಬಹುದಿತ್ತು.

ಮುಂದಿನ ಭಾನುವಾರ ಅವರಿಬ್ಬರೂ ಹೊಳೆಯ ಆಚೆ ದಡಕ್ಕೆ ಹೋದರು. ಈ ಸಲ ಹೇಳಿಯೇ ಹೋದರು. ಅಕ್ಕ ಮಧ್ಯಾಹ್ನದವರೆಗೆ ಕಾಲರು ಹೊಲಿದಳು. ಆಮೇಲೆ ತಡೆಯಲಾಗದೆ ಸಿಕ್ಕ ಬಸ್ಸು ಹತ್ತಿ ಕೊನೆಯ ಸ್ಟಾಪಿನಲ್ಲಿ ಇಳಿದಳು. ಅಲ್ಲಿ ಬಸ್ಸು ತೊಳೆಯುವ ಅಂಗಳದ ಮೂಲೆಯಲ್ಲಿ ಒಬ್ಬ ನಿವೃತ್ತ ಕಂಡಕ್ಟರ್ ದೋಸೆಕಲ್ಲಿನ ಮೇಲೆ ಮೊಟ್ಟೆಗೆ ಸಿಗಡಿ ಸುರಿದು ಹರಡುತ್ತಿದ್ದ. ಬೋರ್ಡಿರಲಿಲ್ಲ. ಅಕ್ಕ ನಿಂತೇ ತಿಂದಳು, ನಾಲಿಗೆ ಸುಟ್ಟುಕೊಂಡಳು.

ಮನೆಗೆ ಬಂದವಳೇ ತಂಗಿಗೆ ಫೋನು ಮಾಡಿದಳು. ಎತ್ತಿದ್ದು ಟೀಚರ್.

"ಅತ್ತಿಗೆ ಸ್ನಾನಕ್ಕೆ ಹೋಗಿದ್ದಾರೆ ಅಕ್ಕಾ. ಬಂದ ಮೇಲೆ ಮಾಡ್ಸ್ಲಾ?"

ಅಕ್ಕ ಕಾಯಬಹುದಿತ್ತು. "ಬೇಡ," ಎಂದಳು. "ನಿಮ್ಗೇ ಹೇಳ್ತೀನಿ. ಒಂದು ಪೆನ್ನು ತಗೊಳ್ಳಿ. ಹದಿನೇಳನೇ ನಂಬರ್ ಬಸ್ಸು, ಕೊನೇ ಸ್ಟಾಪು..."